ಹಿತ್ತಲ ಸೊಪ್ಪು ನೆರಳಲ್ಲಿ ಒಣಗಲಿ

ಮಳೆಗಾಲ ಮುಗಿಯುವ ಹೊತ್ತಿಗೆ ಹಿತ್ತಲಿನಲ್ಲಿ ಪುದೀನ, ಮೆಂತ್ಯ, ಕರಿಬೇವು ತಿಂದು ಮುಗಿಯದಷ್ಟು ಬೆಳೆದಿರುತ್ತವೆ. ಬೇಸಿಗೆಯಲ್ಲಿ ಅದೇ ಸೊಪ್ಪನ್ನು ದುಡ್ಡು ಕೊಟ್ಟು ತರುತ್ತೇವೆ. ಒಣಗಿಸಿಟ್ಟರೆ ಈ ಖರ್ಚು ಉಳಿಯುತ್ತದೆ.

ಕೆಂಗೇರಿ ಸುತ್ತಮುತ್ತಲಿನವರು ಮೊದಲು ನೀರನ್ನು ಗಮನಿಸಬೇಕು. ವೃಷಭಾವತಿಯಲ್ಲಿ ನಗರದ ಚರಂಡಿ ನೀರೂ ಕಾರ್ಖಾನೆಗಳ ತ್ಯಾಜ್ಯವೂ ಹರಿಯುತ್ತವೆ. ಆ ನೀರು ಹಾಯಿಸಿ ಬೆಳೆದ ಸೊಪ್ಪಿನಲ್ಲಿ ಸೀಸದಂಥ ಲೋಹಗಳು ಸೇರಿರಬಹುದು. ಎಲೆಯೊಳಗೆ ಸೇರಿದ್ದು ತೊಳೆದರೆ ಹೋಗದು. ಒಣಗಿಸಿದಾಗ ನೀರು ಮಾತ್ರ ಆರಿ, ಲೋಹ ಅಷ್ಟೂ ಉಳಿಯುತ್ತದೆ. ಆದ್ದರಿಂದ ಒಳ್ಳೆಯ ನೀರಿನಲ್ಲಿ ಬೆಳೆದ ಸೊಪ್ಪನ್ನೇ ಒಣಗಿಸಿರಿ.

ಹೂ ಬಿಡುವ ಮುನ್ನ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ತೊಳೆದು, ನೀರು ಬಸಿದು, ಬಟ್ಟೆಯ ಮೇಲೆ ತೆಳುವಾಗಿ ಹರಡಿ, ಗಾಳಿಯಾಡುವ ನೆರಳಿನಲ್ಲಿಡಿ. ದಿನಕ್ಕೆರಡು ಸಲ ಮಗುಚಿರಿ. ಬಿಸಿಲಿಗೆ ಹಾಕಿದರೆ ಹಸಿರು ಬಣ್ಣವೂ ಘಮವೂ ಕುಂದುತ್ತವೆ. ಪುದೀನದಲ್ಲಿ ಸುಮಾರು ಶೇ. 85 ಭಾಗ ನೀರೇ ಇರುವುದರಿಂದ 1 ಕಿಲೋ ಎಲೆಯಿಂದ ಹೆಚ್ಚುಕಡಿಮೆ 160 ಗ್ರಾಂ ಒಣ ಎಲೆ ಸಿಗುತ್ತದೆ. ದೊಡ್ಡಪತ್ರೆಯ ದಪ್ಪ ಎಲೆ ಬೇಗ ಒಣಗದೆ ಬೂಷ್ಟು ಹಿಡಿಯುತ್ತದೆ. ಅದನ್ನು ಹಸಿಯಾಗಿಯೇ ಬಳಸುವುದು ಲೇಸು.

ಎಲೆ ಹಿಸುಕಿದರೆ ಪುಡಿಯಾಗಬೇಕು, ಕಡ್ಡಿ ಮುರಿದರೆ ಚಟ್ ಎನ್ನಬೇಕು. ಆಗ ಇಡೀ ಎಲೆಗಳನ್ನೇ ಒಣಗಿದ ಗಾಜಿನ ಜಾಡಿಗೆ ತುಂಬಿ ಬಿಗಿಯಾಗಿ ಮುಚ್ಚಿರಿ. ಒಂದು ವಾರ ದಿನವೂ ನೋಡಿರಿ. ಒಳಗೆ ನೀರಹನಿ ಕಂಡರೆ ತೆಗೆದು ಮತ್ತೆ ಒಣಗಿಸಿರಿ. ಬೂಷ್ಟು ಕಂಡರೆ ಆರಿಸುತ್ತ ಕೂರದೆ ಎಲ್ಲವನ್ನೂ ಗೊಬ್ಬರದ ಗುಂಡಿಗೆ ಹಾಕಿರಿ. ಜಾಡಿಯನ್ನು ಬೆಳಕು ಬೀಳದ ಕಡೆ, ಒಲೆಯಿಂದ ದೂರವಿಟ್ಟು, ವರ್ಷದೊಳಗೆ ಬಳಸಿ ಮುಗಿಸಿರಿ.