ಮನೆಯ ಬಾಗಿಲಿಗೆ ಬರುವ ಪಾಠ

ಶಾಲೆಗೆ ನಡೆದು ಹೋಗಲು ಕಾಲು ಬೇಕು, ಕರಿಹಲಗೆಯನ್ನು ನೋಡಲು ಕಣ್ಣು ಬೇಕು, ಉಪಾಧ್ಯಾಯರ ಮಾತನ್ನು ಕೇಳಲು ಕಿವಿ ಬೇಕು. ಇವುಗಳಲ್ಲಿ ಒಂದರ ಶಕ್ತಿ ಕುಂದಿದ ಮಗುವಿಗೆ ವಿದ್ಯೆ ದೊರೆಯುವ ಬಗೆ ಹೇಗೆ? ಈ ಪ್ರಶ್ನೆಗೆ ದೊರೆತಿರುವ ಉತ್ತರಗಳಲ್ಲಿ ದೂರಶಿಕ್ಷಣವೂ ಒಂದು. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದಾಗ ಫೋನಿನ ಮೂಲಕ ಪಾಠವೆಂಬುದು ನಮಗೆಲ್ಲರಿಗೂ ಪರಿಚಿತವಾಯಿತು. ಆದರೆ ವಿಕಲಚೇತನರ ಮಟ್ಟಿಗೆ ಇದು ಅಷ್ಟು ಹೊಸದಲ್ಲ.

ಅಮೆರಿಕ ದೇಶದಲ್ಲಿ ವಿಲಿಯಂ ಹ್ಯಾಡ್ಲಿ ಎಂಬ ಉಪಾಧ್ಯಾಯರು ಐವತ್ತೈದನೆಯ ವಯಸ್ಸಿನಲ್ಲಿ ದೃಷ್ಟಿಯನ್ನು ಕಳೆದುಕೊಂಡರು. ಬ್ರೈಲ್ ಲಿಪಿಯನ್ನು ತಾವೇ ಕಲಿತು, 1920ರಲ್ಲಿ ಅಂಚೆಯ ಮೂಲಕ ಅಂಧರಿಗೆ ಪಾಠ ಹೇಳುವ ಶಾಲೆಯನ್ನು ತೆರೆದರು. 1942ರಲ್ಲಿ ಲೂಯಿಸ್ ಟ್ರೇಸಿ ಎಂಬ ತಾಯಿ, ಕಿವಿ ಕೇಳದ ತನ್ನ ಮಗನ ಹೆಸರಿನಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿದಳು. ಅಲ್ಲಿಂದ ಅಂಚೆಯಲ್ಲಿ ಹೊರಟ ಪಾಠಗಳು ಮಕ್ಕಳಿಗೆ ಬರೆದವುಗಳಲ್ಲ, ಅವರ ತಂದೆತಾಯಿಗಳಿಗೆ ಬರೆದವುಗಳು. ಪಾಠ ದೂರದಿಂದ ಬರಬಹುದು, ಆದರೆ ಅದನ್ನು ಮಗುವಿಗೆ ಮುಟ್ಟಿಸುವವರು ಹತ್ತಿರದಲ್ಲಿಯೇ ಇರಬೇಕೆಂಬ ತತ್ತ್ವವನ್ನು ಆಕೆ ಚೆನ್ನಾಗಿ ಅರಿತಿದ್ದಳು. ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವುದೂ ಇದನ್ನೇ.

ಬ್ರೈಲ್ ಲಿಪಿಯನ್ನೇ ನೋಡೋಣ. ಎರಡು ಸಾಲುಗಳಲ್ಲಿ ಮೂರು ಮೂರರಂತೆ ಆರು ಚುಕ್ಕಿಗಳು, ಅವುಗಳಲ್ಲಿ ಯಾವುವು ಉಬ್ಬಿವೆಯೆಂಬುದನ್ನು ಬೆರಳು ಗುರುತಿಸಿದರೆ ಅಕ್ಷರ ತಿಳಿಯುತ್ತದೆ. 1951ರಲ್ಲಿ ನಮ್ಮ ದೇಶದ ಭಾಷೆಗಳಿಗೆಲ್ಲ ಒಪ್ಪುವ ಭಾರತಿ ಬ್ರೈಲ್ ಎಂಬ ಏರ್ಪಾಡು ರೂಪುಗೊಂಡಿತು. ಇದರಲ್ಲಿ ಕನ್ನಡದ ಕಕಾರಕ್ಕೂ ತೆಲುಗಿನ ಕಕಾರಕ್ಕೂ ಒಂದನೆಯ ಹಾಗೂ ಮೂರನೆಯ ಚುಕ್ಕಿಗಳೇ ಗುರುತು. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಡಿ. ಹಿರೇಹಾಳಿನಂತಹ ಊರಿನ ಮಗುವಿಗೆ ಇದು ಎಷ್ಟೊಂದು ಅನುಕೂಲ! ಆದರೂ ಪುಟ್ಟ ಬೆರಳನ್ನು ಹಿಡಿದು ಮೊದಲ ಚುಕ್ಕಿಯ ಮೇಲಿರಿಸುವ ಕೆಲಸವನ್ನು ಯಾವ ಫೋನೂ ಮಾಡಲಾರದು.

ಯಂತ್ರಗಳು ಮಾಡಬಲ್ಲ ಕೆಲಸಗಳೂ ಉಂಟು. ಪರದೆಯ ಮೇಲಿನ ಬರಹವನ್ನು ಕನ್ನಡದಲ್ಲಿಯೇ ಓದಿ ಹೇಳುವ ತಂತ್ರಾಂಶಗಳು ಇಂದು ಉಚಿತವಾಗಿ ದೊರೆಯುತ್ತವೆ. ಆದರೆ ಉಪಾಧ್ಯಾಯರು ಚಿತ್ರವನ್ನು ತೋರಿಸಿ “ಇಲ್ಲಿ ನೋಡಿ” ಎಂದಷ್ಟೇ ಹೇಳಿದರೆ ಕಣ್ಣು ಕಾಣದ ಮಗುವಿಗೆ ಆ ಪಾಠ ವ್ಯರ್ಥ. ಚಿತ್ರದಲ್ಲಿರುವುದನ್ನು ಮಾತಿನಲ್ಲಿ ವರ್ಣಿಸಬೇಕು. ಕಿವಿ ಕೇಳದ ಮಗುವಿಗೆ ಸನ್ನೆಭಾಷೆಯಾಗಲಿ ಮಾತಿನ ಬರಹರೂಪವಾಗಲಿ ಬೇಕು, ಹೇಳುವವರ ಮುಖದ ಮೇಲೆ ಬೆಳಕಿರಬೇಕು. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಗುವಿಗೆ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಿ, ಬೇಸರಿಸದೆ ಮತ್ತೆ ಮತ್ತೆ ಮಾಡಿಸಬೇಕು. ಅಕ್ಕಿಯನ್ನು ಅಳೆಯುವುದು, ಕಾಳನ್ನು ಎಣಿಸುವುದು ಮುಂತಾದ ಮನೆಗೆಲಸಗಳೇ ಅಂತಹ ಮಗುವಿಗೆ ಗಣಿತದ ಪಾಠ.

ಕಾನೂನಿನ ವಿಷಯವನ್ನೂ ಪೋಷಕರು ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ಮಾಡಿದ ತಿದ್ದುಪಡಿಯು, ಬಹುವಿಧ ಅಥವಾ ತೀವ್ರ ವೈಕಲ್ಯವುಳ್ಳ ಮಕ್ಕಳು ಮನೆಯಲ್ಲಿಯೇ ಶಿಕ್ಷಣವನ್ನು ಆರಿಸಿಕೊಳ್ಳಬಹುದೆಂದು ವಿಧಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ, ಶೇಕಡ 40 ಅಥವಾ ಅದಕ್ಕೆ ಮೇಲ್ಪಟ್ಟು ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಮನೆಯ ಪಾಠವು ಮಗುವಿಗೆ ಸಲ್ಲುವ ಆಯ್ಕೆಯೇ ಹೊರತು, “ಮನೆಯಲ್ಲಿಯೇ ಇರಲಿ” ಎಂದು ಬಾಗಿಲು ಮುಚ್ಚಲು ಶಾಲೆಗೆ ದೊರೆತ ನೆಪವಲ್ಲ. ನಾಲ್ಕು ಜನರ ಕಣ್ಣಿಗೆ ಬೀಳದಂತೆ ಮಗುವನ್ನು ಮರೆಮಾಡಲು ಮನೆಯವರಿಗೆ ದೊರೆತ ಸಬೂಬೂ ಅಲ್ಲ. ಶಾಲೆಗೆ ಬರಬಲ್ಲ ಮಗು ಶಾಲೆಗೇ ಬರಬೇಕು. ಒಡನಾಡಿಗಳ ಜೊತೆಯ ಆಟ, ಜಗಳ, ನಗೆ ಇವುಗಳೂ ವಿದ್ಯೆಯ ಭಾಗವೇ ಅಲ್ಲವೆ?

ನಮ್ಮ ಸೀಮೆಯವರಿಗೆ ಇನ್ನೊಂದು ತೊಡಕೂ ಉಂಟು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿತು. ಮನೆಮಾತು ಕನ್ನಡ, ರಾಜ್ಯಭಾಷೆ ತೆಲುಗು. ಮಾತು ತಡವಾಗಿ ಬರುವ ಮಗುವಿಗೆ ಮನೆಮಾತಿನಲ್ಲಿ ಪಾಠ ದೊರೆಯದಿದ್ದರೆ ಒಂದು ಕಷ್ಟವು ಎರಡಾಗುತ್ತದೆ. ಇಲ್ಲಿ ದೂರಶಿಕ್ಷಣವು ನಿಜವಾಗಿ ಉಪಕಾರಿ. ಏಕೆಂದರೆ ಅದಕ್ಕೆ ರಾಜ್ಯದ ಗಡಿ ಅಡ್ಡಬಾರದು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ದೂರದ ಊರುಗಳವರಿಗೂ ಸಂಪರ್ಕ ಸಾಧನಗಳ ಮೂಲಕ ಸಲಹೆ, ಚಿಕಿತ್ಸೆಗಳನ್ನು ನೀಡುತ್ತಿದೆ. ಬ್ರೈಲ್ ಪುಸ್ತಕಗಳನ್ನು ನಮ್ಮ ಅಂಚೆ ಇಲಾಖೆಯು 7 ಕಿಲೋಗ್ರಾಂ ತೂಕದವರೆಗೆ, ನೆಲದ ಮಾರ್ಗವಾಗಿ, ಅಂಚೆವೆಚ್ಚವಿಲ್ಲದೆ ಸಾಗಿಸುತ್ತದೆ. ಆಂಧ್ರಪ್ರದೇಶದಲ್ಲಿ ಇಂತಹ ಮಕ್ಕಳಿಗಾಗಿಯೇ ‘ಭವಿತ’ ಎಂಬ ಕೇಂದ್ರಗಳಿವೆ. ಅಲ್ಲಿಯ ಶಿಕ್ಷಕರಲ್ಲಿ ಪೋಷಕರು ವಿಚಾರಿಸಬೇಕು, ಮನೆಯಲ್ಲಿ ಕನ್ನಡವನ್ನೇ ಆಡುತ್ತೇವೆಂಬುದನ್ನು ಮೊದಲೇ ತಿಳಿಸಬೇಕು.

ಇನ್ನು ವಿದ್ಯಾರ್ಥಿಗಳಿಗೆ ಎರಡು ಮಾತು. ನಿಮ್ಮ ಬೀದಿಯಲ್ಲಿ ಶಾಲೆಗೆ ಬರಲಾಗದ ಮಗುವೊಂದಿದ್ದರೆ ಸಂಜೆ ಅರ್ಧ ಗಂಟೆ ಅದರ ಬಳಿ ಕುಳಿತು ಅಂದಿನ ಪಾಠವನ್ನು ಓದಿ ಹೇಳಿರಿ. ಫೋನಿನಲ್ಲಿ ಬಂದ ಪಾಠವನ್ನು ನಿಲ್ಲಿಸಿ, ತಿಳಿಯದ ಮಾತನ್ನು ಬಿಡಿಸಿ ಹೇಳಿರಿ. ಇದರಿಂದ ನಿಮ್ಮ ಪಾಠವೂ ಗಟ್ಟಿಯಾಗುವುದು. ತಂದೆತಾಯಿಗಳಾದರೋ, ತಮ್ಮ ಮಗು ಏನನ್ನು ಮಾಡಲಾರದೆಂಬುದನ್ನು ಎಣಿಸುವ ಬದಲು, ಈ ತಿಂಗಳು ಹೊಸದಾಗಿ ಏನನ್ನು ಕಲಿಯಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ದೂರದಲ್ಲಿರುವ ಶಿಕ್ಷಕರಿಗೆ ಮುಂದಿನ ಪಾಠವನ್ನು ನಿರ್ಣಯಿಸಲು ಅದಕ್ಕಿಂತ ಉತ್ತಮವಾದ ಆಧಾರ ಬೇರೊಂದಿಲ್ಲ.