ಮಾವಿನ ತೋಪಿನಿಂದ ಎದ್ದ ಗೆರೆ

ಗ್ರಾಫಿಂಗ್ ಕ್ಯಾಲ್ಕ್ಯುಲೇಟರ್ ಎಂಬ ದುಬಾರಿ ಯಂತ್ರ ಈಗ ಫೋನಿನೊಳಗೇ ಬಂದು ಕೂತಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳು ಅದಕ್ಕೆ ತಮ್ಮ ಊರಿನ ಲೆಕ್ಕ ಕೊಡಬೇಕಾದ ಹೊತ್ತು ಇದು.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಕೂಗುವಾಗ ರೈತನ ತಲೆಯಲ್ಲಿ ಒಂದು ಲೆಕ್ಕ ಓಡುತ್ತಿರುತ್ತದೆ. ಖರ್ಚು 1,50,000 ರೂಪಾಯಿ, ಬೆಳೆ 15 ಕೆ.ಜಿ.ಯ 1,000 ಬಾಕ್ಸ್ ಎಂದಿಟ್ಟುಕೊಳ್ಳಿ. ಬಾಕ್ಸಿಗೆ 150 ರೂಪಾಯಿ ಸಿಕ್ಕರೆ ಹಾಕಿದ್ದು ಹಾಕಿದಷ್ಟೇ ಬಂತು. ಅಲ್ಲಿಂದ ಒಂದು ರೂಪಾಯಿ ಏರಿದರೆ ಸಾವಿರ ಲಾಭ, ಒಂದು ರೂಪಾಯಿ ಇಳಿದರೆ ಸಾವಿರ ನಷ್ಟ. 2023ರ ಜುಲೈನಲ್ಲಿ ಇದೇ ಅಂಗಳದಲ್ಲಿ ಬಾಕ್ಸಿನ ದರ 2,000 ರೂಪಾಯಿ ದಾಟಿತ್ತು. ದರ ಬಿದ್ದ ವರ್ಷ ಹಣ್ಣನ್ನು ರಸ್ತೆ ಬದಿಗೆ ಸುರಿದು ಬಂದವರೂ ಇದೇ ಜಿಲ್ಲೆಯವರು.

ಆ ರೈತನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಗ್ರಾಫ್ ಹಾಳೆಯ ಮೇಲೆ ಎಳೆಯುವ ಸರಳರೇಖೆ ಇದೇ. ಕೋಷ್ಟಕ ಬರೆದು, ಬಿಂದು ಗುರುತಿಸಿ, ಸ್ಕೇಲ್ ಇಟ್ಟು ಗೆರೆ ಎಳೆಯಲು ಕಾಲು ಗಂಟೆ ಬೇಕು. ಖರ್ಚು ಹೆಚ್ಚಾದರೆ ಗೆರೆ ಎತ್ತ ಸರಿಯುತ್ತದೆ, ಇಳುವರಿ ಕುಸಿದರೆ ಎಷ್ಟು ವಾಲುತ್ತದೆ ಎಂದು ನೋಡಲು ಮತ್ತೆ ಹತ್ತು ಹಾಳೆ ಯಾರು ಎಳೆಯುತ್ತಾರೆ? ಅಪ್ಪನ ಲೆಕ್ಕ, ಮಗಳ ಗೆರೆ ಒಂದೇ ಮನೆಯಲ್ಲಿದ್ದೂ ಭೇಟಿಯಾಗದೆ ಉಳಿಯುವುದು ಇಲ್ಲಿ.

1985: ಎರಡು ಆರಂಭ

ಈ ಹತ್ತು ಹಾಳೆಗಳ ಕೆಲಸವನ್ನು ಅಂಗೈಯಲ್ಲಿ ಮಾಡಿ ತೋರಿಸಿದ್ದು ಗ್ರಾಫಿಂಗ್ ಕ್ಯಾಲ್ಕ್ಯುಲೇಟರ್. ಜಪಾನಿನ ಕ್ಯಾಸಿಯೊ ಕಂಪನಿ ಎಫ್ಎಕ್ಸ್-7000ಜಿ ಎಂಬ ಮೊದಲ ಯಂತ್ರವನ್ನು 1985ರಲ್ಲಿ ಮಾರುಕಟ್ಟೆಗೆ ತಂದಿತು. ಅದೇ ವರ್ಷ, ಕೋಲಾರದಿಂದ ಸುಮಾರು 70 ಕಿ.ಮೀ. ದೂರದ ಬೆಂಗಳೂರಿನಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ವಿನ್ಯಾಸ ಕೇಂದ್ರ ತೆರೆಯಿತು. ಅದರ ಉಪಗ್ರಹ ಸಂಪರ್ಕದ ಸಲಕರಣೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆ ಬೆಂಗಳೂರಿನ ಐಟಿ ಚರಿತ್ರೆಯ ಮೊದಲ ಪುಟಗಳಲ್ಲೇ ಇದೆ. ಈ ಕಂಪನಿಯ ಗ್ರಾಫಿಂಗ್ ಕ್ಯಾಲ್ಕ್ಯುಲೇಟರ್ ಟಿಐ-81 ಬಂದದ್ದು 1990ರಲ್ಲಿ, ಟಿಐ-83 ಬಂದದ್ದು 1996ರಲ್ಲಿ. ಅಮೆರಿಕದ ಹೈಸ್ಕೂಲುಗಳಲ್ಲಿ ಇವು ಕಂಪಾಸ್ ಪೆಟ್ಟಿಗೆಯಷ್ಟೇ ಸಾಮಾನ್ಯವಾದವು.

ನಮ್ಮಲ್ಲಿ ಹಾಗಾಗಲಿಲ್ಲ. ಬೆಲೆ ಒಂದು ತಡೆ, ಪರೀಕ್ಷೆ ಇನ್ನೊಂದು. ಸಿಇಟಿ, ನೀಟ್, ಜೆಇಇ ಮೇನ್ ಕೊಠಡಿಗೆ ಯಾವ ಕ್ಯಾಲ್ಕ್ಯುಲೇಟರನ್ನೂ ಒಯ್ಯುವಂತಿಲ್ಲ. ಎಂಜಿನಿಯರಿಂಗ್ ಮುಗಿಸಿ ಗೇಟ್ ಬರೆಯುವವರಿಗೆ ಕಂಪ್ಯೂಟರ್ ಪರದೆಯ ಮೇಲೇ ಒಂದು ವರ್ಚುವಲ್ ಕ್ಯಾಲ್ಕ್ಯುಲೇಟರ್ ಕೊಡುತ್ತಾರೆ. ಗುಂಡಿಗಳಿವೆ, ಯಂತ್ರವಿಲ್ಲ. ಗ್ರಾಫ್ ಎಳೆಯುವ ಯಂತ್ರ ನಮ್ಮ ಫೋನಿಗೆ ಬಂದಿರುವುದೂ ಹೀಗೆ ದೇಹ ಬಿಟ್ಟೇ.

ಮುಳಬಾಗಿಲಿನ ದುಬಾಷಿ

ಹೀಗೆ ದೇಹ ಬಿಟ್ಟ ಯಂತ್ರವನ್ನು ಫೋನಿನಲ್ಲಿ ನಡೆಸುವ ತಂತ್ರಾಂಶವೇ ಎಮ್ಯುಲೇಟರ್. ಅದೇನೆಂದು ಮುಳಬಾಗಿಲಿನ ಮಗುವಿಗೆ ಹೇಳುವುದು ಸುಲಭ. ಆಂಧ್ರದ ಗಡಿಗೆ ಅಂಟಿಕೊಂಡ ಈ ತಾಲ್ಲೂಕಿನಲ್ಲಿ ಸಂತೆಯ ಮಾತು ತೆಲುಗಿನಲ್ಲಿ ಕಿವಿಗೆ ಬೀಳುತ್ತದೆ, ಲೆಕ್ಕದ ಪುಸ್ತಕಕ್ಕೆ ಕನ್ನಡದಲ್ಲಿ ಇಳಿಯುತ್ತದೆ. ಎಮ್ಯುಲೇಟರ್ ಅಂಥ ದುಬಾಷಿ.

ಟಿಐ-83ರ ಒಳಗಿರುವುದು ಝಡ್80 ಎಂಬ 1976ರ ಚಿಪ್. ಅದರ ಭಾಷೆಯಲ್ಲಿ ಆಜ್ಞೆಯಾಗಿ 62 ಬಂದರೆ "ಮುಂದಿನ ಸಂಖ್ಯೆಯನ್ನು ಎ ಎಂಬ ಖಾನೆಗೆ ತುಂಬು" ಎಂದರ್ಥ. ನಮ್ಮ ಫೋನಿನ ಚಿಪ್‌ಗೆ ಆ ಭಾಷೆ ಬಾರದು. ಎಮ್ಯುಲೇಟರ್ ಒಂದೊಂದೇ ಆಜ್ಞೆ ಓದಿ, ಅರ್ಥ ಹಿಡಿದು, ಫೋನಿಗೆ ತಿಳಿಯುವಂತೆ ಹೇಳುತ್ತದೆ. ಹಳೆಯ ಯಂತ್ರದ ವೇಗ ಸೆಕೆಂಡಿಗೆ 60 ಲಕ್ಷ ಮಿಡಿತ. ಫೋನಿನ ವೇಗ ಅದರ ನೂರಾರು ಪಟ್ಟು. ಆದ್ದರಿಂದ ದುಬಾಷಿ ಬೇಕೆಂದೇ ತಡೆದು ತಡೆದು ಮಾತಾಡುತ್ತಾನೆ. ವಾಬಿಟೆಮು, ಟಿಲೆಮ್, ಗ್ರಾಫ್ 89, ಸಿಎಮು ಎಂಬವು ಹವ್ಯಾಸಿಗಳು ಹೀಗೆ ಕಟ್ಟಿದ ಎಮ್ಯುಲೇಟರ್‌ಗಳು.

ಒಂದು ಎಚ್ಚರ ಮಾತ್ರ ಬೇಕು. ದುಬಾಷಿ ಉಚಿತ, ಆದರೆ ಅವನು ಓದುವ ಮೂಲ ತಂತ್ರಾಂಶ ಕಂಪನಿಯ ಸೊತ್ತು. ಅದನ್ನು ಸ್ವಂತ ಯಂತ್ರದಿಂದಲೇ ತೆಗೆದುಕೊಳ್ಳಬೇಕು. ಯಂತ್ರವಿಲ್ಲದವರಿಗೂ ನೇರ ದಾರಿಗಳಿವೆ. ಥಾಮಸ್ ಓಕನ್ ಎಂಬ ಪ್ರೋಗ್ರಾಮರ್ ಎಚ್‌ಪಿ ಕಂಪನಿಯ ಎಚ್‌ಪಿ-42ಎಸ್ ಕ್ಯಾಲ್ಕ್ಯುಲೇಟರ್‌ನ ನಡೆಯನ್ನು ಕಂಪನಿಯ ಒಂದು ಸಾಲನ್ನೂ ಎತ್ತಿಕೊಳ್ಳದೆ ಹೊಸದಾಗಿ ಬರೆದು 'ಫ್ರೀ42' ಎಂದು ಹಂಚಿದರು. ಜಿಯೋಜೀಬ್ರಾ, ಡೆಸ್ಮಾಸ್ ಎಂಬ ಆ್ಯಪ್‌ಗಳೆರಡೂ ಫೋನಿನಲ್ಲಿ ಕಾಸಿಲ್ಲದೆ ಗ್ರಾಫ್ ಎಳೆಯುತ್ತವೆ.

ಮಾಲೂರಿನ ಅಚ್ಚು

ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಒಂದೊಂದು ಹೆಂಚಿಗೂ ಹೊಸ ಆಕಾರ ಯೋಚಿಸುವುದಿಲ್ಲ. ಅಚ್ಚು ಒಮ್ಮೆ ಸರಿಯಾದರೆ ಸಾಕು, ಜೇಡಿ ಒತ್ತಿದಂತೆಲ್ಲ ಹೆಂಚು ಬರುತ್ತದೆ. ಪ್ರೋಗ್ರಾಂ ಬರೆಯುವವರ ಲೈಬ್ರರಿ ಇಂಥ ಅಚ್ಚುಗಳ ಕೋಣೆ. ಟಿಐ-84 ಪ್ಲಸ್ ಸಿಇ ಯಂತ್ರದ ಪರದೆಯಲ್ಲಿ 320 × 240 ಚುಕ್ಕಿಗಳಿವೆ. ಎರಡು ಬಿಂದುಗಳ ನಡುವಿನ ಗೆರೆಗೆ ಯಾವ ಯಾವ ಚುಕ್ಕಿ ಹೊತ್ತಬೇಕೆಂದು ಯಾರೋ ಒಮ್ಮೆ ತಲೆ ಕೆಡಿಸಿಕೊಂಡು 'ಗ್ರಾಫ್ಎಕ್ಸ್' ಎಂಬ ಲೈಬ್ರರಿಗೆ ಸೇರಿಸಿದ್ದಾರೆ. ಹೊಸಬರು "ಇಲ್ಲಿಂದ ಅಲ್ಲಿಗೆ ಗೆರೆ" ಎಂದು ಒಂದೇ ಸಾಲು ಬರೆದರೆ ಆಯಿತು.

ಒಳ್ಳೆಯ ಅಚ್ಚು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಫ್ರಾನ್ಸಿನ ಗಣಿತಜ್ಞ ಬರ್ನಾರ್ ಪಾರಿಸ್ ಅವರ 'ಜಿಯಾಕ್' ಸಾಕ್ಷಿ. ಸಮೀಕರಣಗಳನ್ನು ಅಕ್ಷರಗಳಲ್ಲೇ ಬಿಡಿಸುವ ಈ ಲೈಬ್ರರಿ ಎಚ್‌ಪಿ ಪ್ರೈಮ್ ಯಂತ್ರದಲ್ಲೂ ಇದೆ, ಜಿಯೋಜೀಬ್ರಾದ ಬೀಜಗಣಿತದ ಹಿಂದೆಯೂ ಇದೆ. ಮಾಲೂರಿನ ವಿದ್ಯಾರ್ಥಿ ಜಿಯೋಜೀಬ್ರಾದಲ್ಲಿ ಸಮೀಕರಣ ಬಿಡಿಸಿದಾಗ ಗ್ರೆನೋಬಲ್ ನಗರದ ಒಬ್ಬ ಮೇಷ್ಟ್ರ ಅಚ್ಚನ್ನೇ ಬಳಸುತ್ತಿರುತ್ತಾನೆ.

ಶ್ರೀನಿವಾಸಪುರದ ವಕ್ರರೇಖೆ

ಈಗ ಫೋನ್ ಕೈಗೆತ್ತಿಕೊಳ್ಳಿ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ 10 ಮೀಟರ್ ಅಂತರಕ್ಕೊಂದು ಗಿಡವಿಟ್ಟರೆ ಎಕರೆಗೆ ಸುಮಾರು 40 ಮರ. ಮರಕ್ಕೆ 100 ಕೆ.ಜಿ. ಹಣ್ಣು ಎನ್ನಿ. ಹೆಚ್ಚಿಗೆ ನೆಟ್ಟ ಪ್ರತಿ ಗಿಡಕ್ಕೂ ನೆರಳು ಬಿದ್ದು ಎಲ್ಲ ಮರಗಳಲ್ಲೂ 2 ಕೆ.ಜಿ. ಕಡಿಮೆಯಾಗುತ್ತದೆ ಎಂದಿಟ್ಟುಕೊಳ್ಳಿ. ಹೆಚ್ಚಿಗೆ ನೆಟ್ಟ ಗಿಡಗಳ ಸಂಖ್ಯೆ ಎಕ್ಸ್ ಆದರೆ, ಒಟ್ಟು ಹಣ್ಣು (40 + ಎಕ್ಸ್) × (100 − 2ಎಕ್ಸ್).

ಫೋನಿನ ಟಿಐ ಎಮ್ಯುಲೇಟರ್‌ನಲ್ಲಿ ಇದನ್ನು ಒತ್ತಿ ಗ್ರಾಫ್ ಗುಂಡಿ ಮುಟ್ಟಿದರೆ ಪರದೆ ಖಾಲಿ! ಟಿಐ ಯಂತ್ರ ಮೊದಲು ತೋರಿಸುವುದು −10ರಿಂದ 10ರವರೆಗಿನ ಕಿಟಕಿ. ನಮ್ಮ ಹಣ್ಣು ಇರುವುದು 4,000ದ ಎತ್ತರದಲ್ಲಿ. ಇಲ್ಲಿ ಮಗು ಹೆದರಿ ಫೋನ್ ಕೆಳಗಿಡಬಾರದು. ಪಕ್ಕದಲ್ಲಿ ಮೇಷ್ಟ್ರೋ ಅಕ್ಕನೋ ಕೂತು "ಕಿಟಕಿ ಮೇಲಕ್ಕೆ ಸರಿಸು" ಎನ್ನಬೇಕು. ಎತ್ತರವನ್ನು 3,900ರಿಂದ 4,100 ಎಂದು ಬದಲಿಸಿದರೆ, ಎಡದಿಂದ ಒಂದೊಂದೇ ಚುಕ್ಕಿ ಕಪ್ಪಾಗುತ್ತಾ ಗುಡ್ಡದಂಥ ಗೆರೆ ಏಳುತ್ತದೆ. ಎಕ್ಸ್ 5 ಆದಾಗ 45 ಮರ, 4,050 ಕೆ.ಜಿ.; ಅದೇ ಶಿಖರ. ಎಕ್ಸ್ 10 ಆದಾಗ 50 ಮರ, ಮತ್ತೆ 4,000. ಹತ್ತು ಗಿಡ ನೆಟ್ಟು, ನೀರು ಹೊತ್ತು, ಹೊರಟಲ್ಲಿಗೇ ಬಂದು ನಿಂತಂತಾಯಿತು.

ಒತ್ತೊತ್ತಾಗಿ ನೆಡಬೇಡ ಎಂದು ತಾತ ಹೇಳುತ್ತಲೇ ಬಂದದ್ದು ಇದನ್ನೇ. ಆ ಮಾತಿಗೂ ಪಠ್ಯದ ವರ್ಗ ಸಮೀಕರಣಕ್ಕೂ ನಂಟಿದೆ ಎಂದು ಯಾರೂ ತೋರಿಸಿರಲಿಲ್ಲ. ಯಂತ್ರದ ಭಾಷೆಯನ್ನು ಫೋನಿಗೆ ಹೇಳುವ ದುಬಾಷಿಯನ್ನು ಜಗತ್ತಿನ ಹವ್ಯಾಸಿಗಳು ಕೊಟ್ಟಿದ್ದಾರೆ. ತೋಪಿನ ಮಾತನ್ನು ಗಣಿತಕ್ಕೆ, ಗಣಿತವನ್ನು ಕನ್ನಡಕ್ಕೆ ಹೇಳುವ ದುಬಾಷಿ ನಮ್ಮ ತರಗತಿಯಲ್ಲೇ ಹುಟ್ಟಬೇಕು. ಸಂಜೆ ಆ ಮಗು ಫೋನ್ ತಿರುಗಿಸಿ ತಾತನಿಗೆ ಗೆರೆ ತೋರಿಸಲಿ. ಐದನೇ ಗಿಡದ ಮೇಲೆ ಬೆರಳಿಟ್ಟು "ಇಲ್ಲಿಗೆ ಸಾಕು" ಎನ್ನಲು ತಾತನಿಗೆ ಓದು ಬರಹ ಬೇಕಿಲ್ಲ.