ಕಡಲು ಬಿಟ್ಟು ಬಂದವರು, ಕಡಲು ಕಾಯುವವರು

ಬೆಳಿಗ್ಗೆ ಗಣೇಶಪೇಟೆಯ ಮೀನು ಮಾರುಕಟ್ಟೆಗೆ ಹೋದರೆ ನಮಗೆ ಊರು ನೆನಪಾಗುತ್ತದೆ. ಕಾರವಾರ, ಅಂಕೋಲಾ ಕಡೆಯಿಂದ ಐಸ್ ಹಾಕಿ ಬಂದ ಬಂಗುಡೆ ಆರಿಸುವಾಗ ಮಂಗಳೂರಿನ ದಕ್ಕೆಯ ವಾಸನೆಯೇ ಮೂಗಿಗೆ ಬಡಿದಂತಾಗುತ್ತದೆ. ಹೋಟೆಲು, ಬೇಕರಿ, ಅಂಗಡಿ ಅಂತ ಕರಾವಳಿಯಿಂದ ಹುಬ್ಬಳ್ಳಿಗೆ ಬಂದು ನೆಲೆ ನಿಂತ ನಮ್ಮಂಥ ಬ್ಯಾರಿ ಮನೆಗಳಲ್ಲಿ ಕಡಲು ಈಗ ಉಳಿದಿರುವುದು ಇಷ್ಟೇ: ಮೀನಿನ ಸಾರಿನಲ್ಲಿ, ಮತ್ತೆ ರಜೆಗೆ ಊರಿಗೆ ಹೋದಾಗಿನ ಒಂದು ಸಂಜೆಯಲ್ಲಿ.

ಕಳೆದ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ನಾವು ಕಾರವಾರಕ್ಕೆ ಹೋಗಿದ್ದೆವು. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದರೆ ಅಂಕೋಲಾ, ಆಮೇಲೆ ಕಾರವಾರ. ಅಲ್ಲಿ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಹಳೆಯ ಕ್ಷಿಪಣಿ ದೋಣಿಯನ್ನು ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಬಂದರಿನ ಮೇಲೆ ದಾಳಿ ಮಾಡಿದ್ದು ಇದೇ ಜಾತಿಯ ಪುಟ್ಟ ದೋಣಿಗಳು. ಅದರ ನೆನಪಿಗೇ ಪ್ರತಿ ವರ್ಷ ಅಂದು ನೌಕಾಪಡೆ ದಿನ. ಒಳಗೆಲ್ಲ ಸುತ್ತಿ ಇಳಿದ ಮಗ ಹುಬ್ಬಳ್ಳಿ ಮಾತಿನಲ್ಲೇ ಕೇಳಿದ: "ಉಪ್ಪಾ, ಇದನ್ನ ನಡೆಸೋರು ಯಾರು? ಇದರಾಗ ನಮ್ಮೋರು ಯಾರರ ಇದ್ರೇನು?"

ಥಟ್ಟನೆ ಉತ್ತರ ಹೊಳೆಯಲಿಲ್ಲ. ದಾರಿಯುದ್ದಕ್ಕೂ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹೆಸರಿನಲ್ಲೇ ಕಡಲು

ಬ್ಯಾರಿ ಎಂಬ ಹೆಸರು 'ಬ್ಯಾರ' ಅಂದರೆ ವ್ಯಾಪಾರದಿಂದ ಬಂತು ಎನ್ನುವವರಿದ್ದಾರೆ. ಅರಬ್ಬಿಯ 'ಬಹ್ರ್' ಅಂದರೆ ಸಮುದ್ರದಿಂದ ಬಂತು ಎನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದು ಸರಿಯಾದರೂ ನಮ್ಮ ಹಿರಿಯರ ಬದುಕು ನೀರಿನ ಮೇಲೆಯೇ ಇತ್ತು. ಪತ್ತೇಮಾರಿ, ಮಂಜಿಗಳಲ್ಲಿ ಅಕ್ಕಿ, ಮೆಣಸು, ಹೆಂಚು ಸಾಗುತ್ತಿತ್ತು. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಗಳು ಸಾಮಾನು ಹೊತ್ತು ಹೋಗುವುದನ್ನು ನಮ್ಮ ಕಾಲದಲ್ಲೂ ನೋಡಿದ್ದೇವೆ.

ಹುಬ್ಬಳ್ಳಿಗೂ ಕಡಲು ದೂರವಿರಲಿಲ್ಲ. ಇಲ್ಲಿಯ ಹತ್ತಿ ಘಾಟಿ ಇಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಮುಂಬಯಿ ಪೇಟೆಯಲ್ಲಿ ಧಾರವಾಡದ ಹತ್ತಿಗೆ 'ಕುಮಟಾ ಹತ್ತಿ' ಅಂತಲೇ ಹೆಸರು. ಈಗಲೂ ದೇಶದ ವಿದೇಶ ವ್ಯಾಪಾರದಲ್ಲಿ, ತೂಕದ ಲೆಕ್ಕದಲ್ಲಿ, ಸುಮಾರು ಶೇ. 95ರಷ್ಟು ಸಾಗುವುದು ಸಮುದ್ರದಲ್ಲೇ. ಆ ದಾರಿ ಕಾಯುವವರು ಇಲ್ಲದಿದ್ದರೆ ನಮ್ಮ ಗಾಡಿಗೆ ಡೀಸೆಲ್ ಇಲ್ಲ, ಒಲೆಗೆ ಗ್ಯಾಸ್ ಇಲ್ಲ.

ಕುಂಞಾಲಿ, ಅಬ್ಬಕ್ಕ, ಟಿಪ್ಪು

ಪೋರ್ಚುಗೀಸರು ಬಂದ ಮೇಲೆ ಅರಬ್ಬಿ ಸಮುದ್ರದಲ್ಲಿ ಅವರ ಚೀಟಿ ಇಲ್ಲದೆ ಹಡಗು ಬಿಡುವಂತಿರಲಿಲ್ಲ. ಅದಕ್ಕೆ ಎದುರು ನಿಂತವರು ಕಲ್ಲಿಕೋಟೆಯ ಸಾಮೂದಿರಿಯ ನೌಕಾಪತಿಗಳಾದ ಕುಂಞಾಲಿ ಮರಕ್ಕಾರ್‌ಗಳು. ಒಬ್ಬರ ನಂತರ ಒಬ್ಬರಂತೆ ನಾಲ್ವರು, ಹದಿನಾರನೇ ಶತಮಾನದ ಬಹುಭಾಗ ಅವರನ್ನು ಕಾಡಿದರು. ಹಿಂದೂ ರಾಜ, ಮುಸ್ಲಿಂ ನೌಕಾಪತಿ. ಕೊನೆಗೆ ರಾಜನಿಗೂ ನಾಲ್ಕನೆಯ ಕುಂಞಾಲಿಗೂ ಮನಸ್ಸು ಮುರಿಯಿತು. ಸಾಮೂದಿರಿ ಪೋರ್ಚುಗೀಸರ ಜೊತೆ ಸೇರಿಕೊಂಡ. 1600ರಲ್ಲಿ ಕುಂಞಾಲಿ ಶರಣಾದರು, ಗೋವಾದಲ್ಲಿ ಅವರನ್ನು ಕೊಂದರು. ಒಳಜಗಳದ ಲಾಭ ಯಾರಿಗಾಯಿತು ಅಂತ ಬಿಡಿಸಿ ಹೇಳಬೇಕಿಲ್ಲ. ಇವತ್ತು ಮುಂಬಯಿಯ ಕೊಲಾಬಾದಲ್ಲಿರುವ ನೌಕಾಪಡೆಯ ಒಂದು ನೆಲೆಯ ಹೆಸರು ಐಎನ್‌ಎಸ್ ಕುಂಜಾಲಿ.

ಉಳ್ಳಾಲದ ರಾಣಿ ಅಬ್ಬಕ್ಕ ಜೈನ ಮನೆತನದವಳು. ಅವಳ ಪಡೆಯಲ್ಲಿ ಮೊಗವೀರರೂ ಬ್ಯಾರಿಗಳೂ ಹೆಗಲಿಗೆ ಹೆಗಲು ಕೊಟ್ಟಿದ್ದರು ಎಂಬ ಮಾತು ನಮ್ಮೂರಲ್ಲಿ ಈಗಲೂ ಬಾಯಿಂದ ಬಾಯಿಗೆ ಹರಿಯುತ್ತಿದೆ. ಪೋರ್ಚುಗೀಸರು ಕೋಟೆಗೆ ನುಗ್ಗಿದ ರಾತ್ರಿ ರಾಣಿ ಮಸೀದಿಯಲ್ಲಿ ಆಶ್ರಯ ಪಡೆದು, ಅಲ್ಲಿಂದಲೇ ಮರಳಿ ಎರಗಿದಳು ಎನ್ನುವ ಕಥೆಯನ್ನು ಅಜ್ಜಿಯರು ಹೇಳುತ್ತಿದ್ದರು. ಕರಾವಳಿ ಕಾವಲು ಪಡೆಯ ಒಂದು ನೌಕೆಗೆ ಈಗ ಅವಳ ಹೆಸರಿದೆ.

ಇನ್ನು ಹೈದರ್, ಟಿಪ್ಪು. ಹೈದರ್ ಮಂಗಳೂರಿನಲ್ಲಿ ಕಟ್ಟಿಸಿದ ಹಡಗುಗಳನ್ನು 1780ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ಅಡ್ಮಿರಲ್ ಹ್ಯೂಸ್ ಬಂದರಿನಲ್ಲೇ ನಾಶ ಮಾಡಿದ. ಟಿಪ್ಪು 1796ರಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದರು. 22 ದೊಡ್ಡ ಯುದ್ಧನೌಕೆ, 20 ಫ್ರಿಗೇಟ್ ಕಟ್ಟುವ ಯೋಜನೆ. ಆದರೆ ಮೂರೇ ವರ್ಷಕ್ಕೆ ಶ್ರೀರಂಗಪಟ್ಟಣ ಬಿತ್ತು. ಯೋಜನೆ ಕಾಗದದಲ್ಲೇ ಉಳಿಯಿತು.

ಒಂದೇ ಹಡಗಿನ ಮೇಲೆ ಮೂರು ಬಾವುಟ

1946ರ ಫೆಬ್ರವರಿ 18ರಂದು ಮುಂಬಯಿಯ ಎಚ್‌ಎಂಐಎಸ್ ತಲ್ವಾರ್‌ನಲ್ಲಿ ನಾವಿಕರು ಕೆಟ್ಟ ಊಟ, ಅಧಿಕಾರಿಗಳ ಬೈಗುಳ ಸಾಕಾಗಿ ಮುಷ್ಕರ ಹೂಡಿದರು. ಕರಾಚಿಯವರೆಗೂ ಅದು ಹಬ್ಬಿತು. ಮುಷ್ಕರ ಸಮಿತಿಗೆ ಎಂ. ಎಸ್. ಖಾನ್ ಅಧ್ಯಕ್ಷ, ಮದನ್ ಸಿಂಗ್ ಉಪಾಧ್ಯಕ್ಷ. ಹಡಗುಗಳ ಮೇಲೆ ಕಾಂಗ್ರೆಸ್, ಮುಸ್ಲಿಂ ಲೀಗ್, ಕಮ್ಯುನಿಸ್ಟ್ ಬಾವುಟಗಳು ಒಟ್ಟಿಗೆ ಹಾರಿದವು. ದೇಶ ಎರಡಾಗಲು ಹೊರಟಿದ್ದ ಹೊತ್ತಿನಲ್ಲಿ ನಾವಿಕರು ಒಂದಾಗಿದ್ದರು. ನಾಯಕರ ಮಾತಿಗೆ ತಲೆಬಾಗಿ ಐದೇ ದಿನಕ್ಕೆ ಶರಣಾದರು, ಎಷ್ಟೋ ಜನ ಕೆಲಸ ಕಳೆದುಕೊಂಡರು. ಈ ಪಾಠವನ್ನು ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಒಂದೆರಡು ಸಾಲಿನಲ್ಲಿ ಮುಗಿಸುತ್ತಾರೆ. ಮನೆಯಲ್ಲಾದರೂ ನಾವು ಹೇಳಬೇಕು.

ಕಾರವಾರದ ಎರಡು ಮುಖ

ಕಾರವಾರದ ದಡದಿಂದ ಕಾಣುವ ಅಂಜದೀವ್ ದ್ವೀಪ ಸ್ವಾತಂತ್ರ್ಯದ ನಂತರವೂ ಪೋರ್ಚುಗೀಸರ ಕೈಯಲ್ಲೇ ಇತ್ತು. 1961ರ ನವೆಂಬರ್‌ನಲ್ಲಿ ಅಲ್ಲಿಂದ ಹಾರಿದ ಗುಂಡಿಗೆ ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ಐಎನ್‌ಎಸ್ ತ್ರಿಶೂಲ್‌ನ ನಾವಿಕರು ದ್ವೀಪಕ್ಕೆ ಇಳಿದರು. ಬೆಂಬಲಕ್ಕೆ ನಿಂತದ್ದು ಐಎನ್‌ಎಸ್ ಮೈಸೂರು. ಏಳು ನಾವಿಕರು ಅಲ್ಲಿ ಪ್ರಾಣ ಕೊಟ್ಟರು.

ಆ ದ್ವೀಪವನ್ನೂ ಸೇರಿಸಿಕೊಂಡೇ ಈಗ ಅರ್ಗಾದ ಬಳಿ ಐಎನ್‌ಎಸ್ ಕದಂಬ ನೆಲೆ ಎದ್ದಿದೆ. ಬನವಾಸಿಯ ಕದಂಬರ ಹೆಸರು. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ 'ಸೀಬರ್ಡ್' ಯೋಜನೆಯ ಈ ನೆಲೆ ಸೇವೆಗೆ ಬಂದದ್ದು 2005ರ ಮೇ 31ಕ್ಕೆ. ಹತ್ತು ಸಾವಿರ ಟನ್ ತೂಕದ ಹಡಗನ್ನು ನೀರಿನಿಂದ ಮೇಲೆತ್ತಿ ದುರಸ್ತಿಗೆ ಒಯ್ಯುವ ಶಿಪ್‌ಲಿಫ್ಟ್ ಇಲ್ಲಿದೆ. ವಿಮಾನವಾಹಕ ವಿಕ್ರಮಾದಿತ್ಯ ತಂಗುವುದೂ ಇಲ್ಲೇ.

ಆದರೆ ಹೆದ್ದಾರಿಯ ಪಕ್ಕದ ಉದ್ದನೆಯ ಗೋಡೆ ನೋಡುವಾಗ ಇನ್ನೊಂದು ಸಂಗತಿ ಮರೆಯಬಾರದು. ಕಾರವಾರ, ಅಂಕೋಲಾ ತಾಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಈ ನೆಲೆಗಾಗಿ ಮನೆ, ಗದ್ದೆ ಬಿಟ್ಟುಕೊಟ್ಟವು. ಮೀನುಗಾರರಿಗೆ ತಲೆಮಾರುಗಳಿಂದ ಬಲೆ ಎಳೆದ ದಡವೇ ಹೋಯಿತು. ಹೆಚ್ಚುವರಿ ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಅಲೆದವರಿದ್ದಾರೆ. ಕಾದು ಕಾದು ಕಣ್ಣು ಮುಚ್ಚಿದವರೂ ಇದ್ದಾರೆ. ಸಮವಸ್ತ್ರ ಹಾಕದೆಯೂ ದೇಶಕ್ಕೆ ಕೊಟ್ಟವರು ಅವರು.

ಗಲ್ಫ್‌ನಲ್ಲಿ ಮಕ್ಕಳಿರುವ ಮನೆಗಳಿಗೆ

ನಮ್ಮಲ್ಲಿ ಒಬ್ಬರಾದರೂ ಗಲ್ಫ್‌ನಲ್ಲಿ ಇಲ್ಲದ ಮನೆ ಕಡಿಮೆ. ಅಲ್ಲಿ ಯುದ್ಧ ಅಂತ ಟಿವಿಯಲ್ಲಿ ಬಂದ ರಾತ್ರಿ ಉಮ್ಮಂದಿರಿಗೆ ನಿದ್ದೆ ಇರುವುದಿಲ್ಲ. 2015ರಲ್ಲಿ ಯೆಮನ್ ಹೊತ್ತಿ ಉರಿಯುವಾಗ ಐಎನ್‌ಎಸ್ ಸುಮಿತ್ರಾ ಏಡನ್ ಬಂದರಿಗೆ ನುಗ್ಗಿ ಮೊದಲ ತಂಡವನ್ನು ಜಿಬೂಟಿಗೆ ತಂದಿತು. ಆ ಕಾರ್ಯಾಚರಣೆಯಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಭಾರತೀಯರು, ಜೊತೆಗೆ ನೂರಾರು ವಿದೇಶಿಯರು ಪಾರಾದರು. ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಐಎನ್‌ಎಸ್ ಜಲಾಶ್ವ ಮಾಲ್ಡೀವ್ಸ್‌ನಿಂದ 698 ಮಂದಿಯನ್ನು ಕೊಚ್ಚಿಗೆ ಕರೆತಂದಿತು.

ಕಡಲ್ಗಳ್ಳರ ವಿರುದ್ಧ 2008ರಿಂದ ಏಡನ್ ಕೊಲ್ಲಿಯಲ್ಲಿ ನಮ್ಮ ಹಡಗುಗಳು ಕಾವಲಿವೆ. 2024ರ ಜನವರಿಯಲ್ಲಿ ಅದೇ ಸುಮಿತ್ರಾ, ಕಡಲ್ಗಳ್ಳರ ಕೈಗೆ ಸಿಕ್ಕಿದ್ದ ಒಂದು ಇರಾನಿ ಮೀನು ದೋಣಿಯನ್ನು ಬಿಡಿಸಿತು. ಅದರಲ್ಲಿದ್ದ 19 ಮಂದಿಯೂ ಪಾಕಿಸ್ತಾನಿ ಮೀನುಗಾರರು. ಮುಳುಗುವವನ ಊರು ಕೇಳದಿರುವುದು ಕಡಲಿನ ಹಳೆಯ ಮರ್ಯಾದೆ.

ದಾರಿ ಇದೆ, ಅರ್ಜಿ ಹಾಕಬೇಕು

"ನಮ್ಮ ಹುಡುಗರನ್ನ ತಗೋತಾರಾ?" ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಪರೀಕ್ಷೆಗೆ ಮುಂಚೆಯೇ ಏಳುತ್ತದೆ. ಪರೀಕ್ಷೆ ಎಲ್ಲರಿಗೂ ಒಂದೇ. ನಾವು ಕಂಡಂತೆ ನಮ್ಮ ಹುಡುಗರು ತಪ್ಪಿಸಿಕೊಳ್ಳುವುದು ಪರೀಕ್ಷೆಯಲ್ಲಿ ಅಲ್ಲ, ಅರ್ಜಿಯ ಕೊನೆಯ ದಿನ ಗೊತ್ತಿಲ್ಲದೆ.

ಅಗ್ನಿಪಥ ಯೋಜನೆಯಡಿ ಹದಿನೇಳೂವರೆಯಿಂದ 21 ವರ್ಷದೊಳಗಿನವರು ನಾವಿಕರಾಗಬಹುದು. ಹತ್ತನೇ ತರಗತಿ ಮುಗಿಸಿದವರಿಗೆ ಎಂಆರ್, ಗಣಿತ ಮತ್ತು ಭೌತಶಾಸ್ತ್ರ ಓದಿ ಪಿಯುಸಿ ಮುಗಿಸಿದವರಿಗೆ ಎಸ್‌ಎಸ್‌ಆರ್ ದಾರಿ. ಹುಡುಗಿಯರಿಗೂ ಅವಕಾಶವಿದೆ. ತರಬೇತಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ. ಒಂದು ಮಾತು ಮೊದಲೇ ತಿಳಿದಿರಲಿ: ಸೇವೆ ನಾಲ್ಕೇ ವರ್ಷ, ಆಮೇಲೆ ಕಾಯಂ ಆಗುವವರು ಹೆಚ್ಚೆಂದರೆ ಶೇ. 25. ಉಳಿದವರು ಸೇವಾ ನಿಧಿ ಹಿಡಿದು ಹೊರಬರಬೇಕು. ಇದನ್ನು ಲೆಕ್ಕ ಹಾಕಿಯೇ ಹೋಗಬೇಕು. ಅಧಿಕಾರಿ ಆಗುವ ಆಸೆ ಇದ್ದರೆ ಎನ್‌ಡಿಎ ಪರೀಕ್ಷೆ ಇದೆ, ಜೆಇಇ ಮೇನ್ ಅಂಕದ ಮೇಲೆ ಬಿ.ಟೆಕ್. ಪ್ರವೇಶವೂ ಇದೆ. ಆ ಪ್ರವೇಶದವರಿಗೆ ತರಬೇತಿ ಕೊಡುವ ನೌಕಾ ಅಕಾಡೆಮಿ ಇರುವ ಏಳಿಮಲ ಎಲ್ಲೋ ದೂರವಲ್ಲ, ಕಾಸರಗೋಡು ದಾಟಿ ಪಯ್ಯನ್ನೂರಿನ ಹತ್ತಿರ.

ವಾಪಸ್ ಬರುವಾಗ ಅರಬೈಲ್ ಘಾಟಿಯಲ್ಲಿ ಮಗನಿಗೆ ಕುಂಞಾಲಿಯ ಕಥೆ ಹೇಳಿದೆವು, ಎಂ. ಎಸ್. ಖಾನ್ ಕಥೆಯನ್ನೂ ಹೇಳಿದೆವು. "ಅಂದ್ರ ನಮ್ಮೋರು ಇದ್ರು" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲ ನಂಗ ಈಜು ಕಲಸ್ರಿ" ಅಂದ.

ಮುಂದಿನ ಭಾನುವಾರದಿಂದ ಅವನನ್ನು ಈಜುಕೊಳಕ್ಕೆ ಕರೆದೊಯ್ಯುತ್ತಿದ್ದೇವೆ. ನಿಮ್ಮ ಮಕ್ಕಳನ್ನೂ ಕಳಿಸಿ.